ಹಳೆಯ ಗೇಮಿಂಗ್ ಕಂಪ್ಯೂಟರ್ ಗುಜರಿಗೆ ಹಾಕಬೇಕೇ? ಅಪ್‌ಗ್ರೇಡ್ ಮತ್ತು ಹೋಮ್ ಸರ್ವರ್ ಬಗ್ಗೆ ಹರಿದಾಡುವ ಮಾತುಗಳ ಸತ್ಯಾಂಶ

ಸಾರಾಂಶ

"ವಿಂಡೋಸ್ 10 ನಿಂತುಹೋಯಿತು, ಹಳೆಯ ಕಂಪ್ಯೂಟರ್ ಇನ್ನು ಗುಜರಿಗೆ ಮಾತ್ರ ಲಾಯಕ್ಕು" ಎಂಬ ಮಾತನ್ನು ನೀವು ಯಾವುದಾದರೂ ವಾಟ್ಸಾಪ್ ಗುಂಪಿನಲ್ಲಿ ನೋಡಿರುತ್ತೀರಿ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತೂ ಇದೆ: "ಹಳೆಯ ಕಂಪ್ಯೂಟರನ್ನು ಹೋಮ್ ಸರ್ವರ್ ಮಾಡಿಕೊಳ್ಳಿ, ಜೀವನಪೂರ್ತಿ ಉಚಿತ ಸ್ಟೋರೇಜ್." ನಾವು ಎರಡನ್ನೂ ಪರಿಶೀಲಿಸಿದೆವು. ಮೊದಲನೆಯದು ಬಹುಪಾಲು ತಪ್ಪು. ಎರಡನೆಯದು ಅರ್ಧಸತ್ಯ. ಹಳೆಯ ಕಂಪ್ಯೂಟರ್‌ನ ಹಲವು ಭಾಗಗಳು ಇನ್ನೂ ವರ್ಷಗಟ್ಟಲೆ ದುಡಿಯಬಲ್ಲವು. ಆದರೆ ಕರೆಂಟ್ ಬಿಲ್, ಹಳೆಯ ಹಾರ್ಡ್ ಡಿಸ್ಕ್ ಮತ್ತು ಇಂಟರ್ನೆಟ್ ಸುರಕ್ಷತೆ, ಈ ಮೂರರ ಲೆಕ್ಕ ಹಾಕದೆ ಕೈ ಹಾಕಿದರೆ ಉಳಿತಾಯಕ್ಕಿಂತ ನಷ್ಟವೇ ಹೆಚ್ಚು.

ವಿಂಡೋಸ್ 10 ನಿಂತರೆ ಕಂಪ್ಯೂಟರ್ ಕೆಲಸಕ್ಕೆ ಬಾರದೇ?

ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ ಕೊಡುವುದನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದ್ದು ನಿಜ. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಪಡೆಯುವ ಅವಕಾಶವನ್ನೂ ಕಂಪನಿ ಕೊಟ್ಟಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಮತ್ತು ಸೆಕ್ಯೂರ್ ಬೂಟ್ ಬೇಕು. ಪ್ರೊಸೆಸರ್ ಕೂಡ ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರು, ಎಎಂಡಿ ಆದರೆ ರೈಜನ್ 2000 ಸರಣಿ ಅಥವಾ ಅದರ ನಂತರದ್ದಾಗಿರಬೇಕು.

ಆದರೆ ಅಪ್‌ಡೇಟ್ ನಿಂತ ದಿನ ಕಂಪ್ಯೂಟರ್ ಕೆಟ್ಟು ಕೂರುವುದಿಲ್ಲ. ಅದರೊಳಗಿನ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ನಿನ್ನೆ ಹೇಗಿದ್ದವೋ ಇಂದೂ ಹಾಗೇ ಇರುತ್ತವೆ. ಅಪಾಯ ಇರುವುದು ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಸಿಗುವುದಿಲ್ಲ ಎಂಬಲ್ಲಿ. ಅಂಥ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಬೇಡ. ಅದೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದರೆ ಮತ್ತೆ ನಿಯಮಿತವಾಗಿ ಉಚಿತ ಅಪ್‌ಡೇಟ್ ಸಿಗುತ್ತದೆ. ಹೋಮ್ ಸರ್ವರ್‌ಗೆ ಬಳಸುವ ಬಹುತೇಕ ತಂತ್ರಾಂಶಗಳು ಲಿನಕ್ಸ್ ಮೇಲೆಯೇ ನಡೆಯುತ್ತವೆ. ಹಾಗಾಗಿ "ವಿಂಡೋಸ್ 11 ಬರುವುದಿಲ್ಲ" ಎಂಬುದು ಸರ್ವರ್ ಆಗಲು ಅಡ್ಡಿಯೇ ಅಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ

2017ರ ಸುಮಾರಿಗೆ ಸಾಮಾನ್ಯವಾಗಿದ್ದ ಒಂದು ಜೋಡಣೆಯನ್ನು ತೆಗೆದುಕೊಳ್ಳೋಣ. ಇಂಟೆಲ್ ಕೋರ್ ಐ5-7400 ಪ್ರೊಸೆಸರ್, ಬಿ250 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಎನ್‌ವಿಡಿಯಾ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 500 ವ್ಯಾಟ್‌ನ ಎಸ್‌ಎಂಪಿಎಸ್. ಆಗ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಎಷ್ಟೋ ಕಂಪ್ಯೂಟರ್‌ಗಳು ಹೆಚ್ಚೂ ಕಡಿಮೆ ಹೀಗೇ ಇದ್ದವು. ಈಗ ಇದರಲ್ಲಿ ಹೊಸ ಆಟಗಳು ತಡವರಿಸುತ್ತವೆ. ಏನು ಮಾಡಬೇಕು?

"ರ‍್ಯಾಮ್ ಹೆಚ್ಚಿಸಿದರೆ ಸ್ಪೀಡ್ ಡಬಲ್ ಆಗುತ್ತದೆ." ನಿಜವೇ?

ಇಲ್ಲ. ರ‍್ಯಾಮ್ ಎಂದರೆ ಅಡುಗೆಮನೆಯ ಕಟ್ಟೆ ಇದ್ದಂತೆ. ಕಟ್ಟೆ ಚಿಕ್ಕದಾಗಿದ್ದರೆ ಪದೇ ಪದೇ ಸಾಮಾನು ಒಳಗಿಟ್ಟು ಹೊರಗೆ ತೆಗೆಯಬೇಕು, ಕೆಲಸ ನಿಧಾನ. ಕಟ್ಟೆ ಸಾಕಷ್ಟು ದೊಡ್ಡದಿದ್ದ ಮೇಲೆ ಅದನ್ನು ಇನ್ನೂ ದೊಡ್ಡದು ಮಾಡಿದರೆ ಅಡುಗೆ ಬೇಗ ಆಗುವುದಿಲ್ಲ. 8 ಜಿಬಿ ತುಂಬಿ ತುಳುಕುತ್ತಿದ್ದರೆ 16 ಜಿಬಿ ಮಾಡಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಅರ್ಧ ಖಾಲಿ ಇದ್ದರೆ ದುಡ್ಡು ದಂಡ. ಒಂದೇ ಕಡ್ಡಿಯ ಬದಲು ಒಂದೇ ಅಳತೆಯ ಎರಡು ಕಡ್ಡಿಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ ಮಾತ್ರ ಮಾಹಿತಿ ಎರಡು ದಾರಿಯಲ್ಲಿ ಹರಿದು ಆಟಗಳಿಗೆ ಒಂದಿಷ್ಟು ಲಾಭ ಆಗುತ್ತದೆ.

ನಿಮ್ಮ ಕಂಪ್ಯೂಟರ್‌ಗೆ ನಿಜಕ್ಕೂ ಏನು ಕಡಿಮೆ ಬಿದ್ದಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಆಟ ಆಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ.

- ಗ್ರಾಫಿಕ್ಸ್ ಕಾರ್ಡ್ ಬಳಕೆ 95ರಿಂದ 100 ಶೇಕಡಾ ಇದ್ದರೆ, ದಣಿದಿರುವುದು ಗ್ರಾಫಿಕ್ಸ್ ಕಾರ್ಡ್.
- ಗ್ರಾಫಿಕ್ಸ್ ಕಾರ್ಡ್ 60 ಶೇಕಡಾದಲ್ಲಿದ್ದು ಪ್ರೊಸೆಸರ್ 100 ಶೇಕಡಾ ಮುಟ್ಟಿದ್ದರೆ, ದಣಿದಿರುವುದು ಪ್ರೊಸೆಸರ್. ಇಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ತಂದರೂ ಪ್ರಯೋಜನ ಕಡಿಮೆ.
- ಮೆಮೊರಿ 90 ಶೇಕಡಾ ದಾಟಿದ್ದರೆ ರ‍್ಯಾಮ್ ಬೇಕು.
- ಡಿಸ್ಕ್ ಸದಾ 100 ಶೇಕಡಾ ತೋರಿಸುತ್ತಿದ್ದರೆ ಎಸ್‌ಎಸ್‌ಡಿ ಬೇಕು.

ದುಡ್ಡು ಖರ್ಚು ಮಾಡುವ ಮುನ್ನ ಇನ್ನೊಂದು ಕೆಲಸ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನ್ ಮತ್ತು ಹೀಟ್‌ಸಿಂಕ್‌ಗಳಲ್ಲಿ ಕೂತ ಧೂಳು ತೆಗೆಯಿರಿ. ಪ್ರೊಸೆಸರ್ ವಿಪರೀತ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. "ಕಂಪ್ಯೂಟರ್ ಹಳೆಯದಾಗಿ ನಿಧಾನವಾಯಿತು" ಎಂದು ನಾವು ಅಂದುಕೊಳ್ಳುವುದರಲ್ಲಿ ಒಂದು ಪಾಲು ಈ ಧೂಳಿನದು, ಇನ್ನೊಂದು ಪಾಲು ಒಣಗಿಹೋದ ಥರ್ಮಲ್ ಪೇಸ್ಟ್‌ನದು.

ಎಸ್‌ಎಸ್‌ಡಿ ಹಾಕಿದರೆ ಆಟ ವೇಗವಾಗಿ ಓಡುತ್ತದೆಯೇ?

ಇದು ಅರ್ಧ ನಿಜ. ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 200 ಎಂಬಿ ಓದುತ್ತದೆ. ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಓದುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಹುಡುಕುವಾಗ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಗಾಗಿ ಕಾಯಬೇಕಿಲ್ಲ. ಹಾಗಾಗಿ ಕಂಪ್ಯೂಟರ್ ಆನ್ ಆಗುವುದು, ಆಟ ತೆರೆದುಕೊಳ್ಳುವುದು ಬಹಳ ಚುರುಕಾಗುತ್ತದೆ. ಆದರೆ ಆಟ ಶುರುವಾದ ಮೇಲೆ ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆ ಎಂಬುದು ಹೆಚ್ಚಾಗಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗೆ ಸೇರಿದ ವಿಷಯ.

ಆದರೂ ಹಳೆಯ ಕಂಪ್ಯೂಟರ್‌ಗೆ ಒಂದೇ ಒಂದು ಭಾಗ ಹೊಸದು ಹಾಕಬೇಕೆಂದರೆ ನಾವು ಎಸ್‌ಎಸ್‌ಡಿಯನ್ನೇ ಹೇಳುತ್ತೇವೆ. ಮುಂದೆ ಕಂಪ್ಯೂಟರ್ ಬದಲಾಯಿಸಿದರೂ ಅದು ಹೊಸದರ ಜೊತೆಗೆ ಹೋಗುತ್ತದೆ.

ಪ್ರೊಸೆಸರ್ ಮಾತ್ರ ಬದಲಾಯಿಸಬಹುದೇ?

ಅದು ಮದರ್‌ಬೋರ್ಡ್ ಮೇಲೆ ನಿಂತಿದೆ. ನಮ್ಮ ಉದಾಹರಣೆಯ ಬಿ250 ಬೋರ್ಡ್ 7ನೇ ತಲೆಮಾರಿನಾಚೆಗೆ ಹೋಗುವುದಿಲ್ಲ. 8ನೇ ತಲೆಮಾರಿನ ಪ್ರೊಸೆಸರ್‌ಗೂ ಸಾಕೆಟ್ ಹೆಸರು ಎಲ್‌ಜಿಎ 1151 ಎಂದೇ ಇದೆ. ಹೆಸರು ನೋಡಿ ಕೊಂಡರೆ ಮೋಸ ಹೋಗುತ್ತೀರಿ, ಅದು ಈ ಬೋರ್ಡ್‌ನಲ್ಲಿ ನಡೆಯುವುದಿಲ್ಲ. ಹಾಗಾಗಿ ಇಲ್ಲಿ ಬೋರ್ಡ್ ಮತ್ತು ಪ್ರೊಸೆಸರ್ ಎರಡನ್ನೂ ಬದಲಾಯಿಸಬೇಕು.

ಅದೇ 2017ರಲ್ಲಿ ಎಎಂಡಿಯ ಎಎಂ4 ಬೋರ್ಡ್ ಕೊಂಡವರ ಅದೃಷ್ಟ ಬೇರೆ. ಬೋರ್ಡ್ ಕಂಪನಿ ಹೊಸ ಬಯಾಸ್ ಕೊಟ್ಟಿದ್ದರೆ, ಆ ಹಳೆಯ ಬೋರ್ಡ್ ಮೇಲೆ 2022ರಲ್ಲಿ ಬಂದ ರೈಜನ್ 5 5600 ಪ್ರೊಸೆಸರ್ ಕೂರುತ್ತದೆ. ಅದರಲ್ಲಿ 6 ಕೋರ್, 12 ಥ್ರೆಡ್ ಇವೆ. ಐ5-7400ರಲ್ಲಿ ಇರುವುದು 4 ಕೋರ್, 4 ಥ್ರೆಡ್ ಮಾತ್ರ. ಎರಡೂ 65 ವ್ಯಾಟ್ ವರ್ಗದವೇ.

ಒಂದು ಎಚ್ಚರಿಕೆ: ಬಯಾಸ್ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದೇ ಇರಬಹುದು. ಯುಪಿಎಸ್ ಇಲ್ಲದೆ, ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೂರಬೇಡಿ.

ಯಾವ ಭಾಗ ಎಲ್ಲಿಗೆ?

ನಮ್ಮ ಉದಾಹರಣೆಯಲ್ಲಿ ಲೆಕ್ಕ ಹೀಗಾಗುತ್ತದೆ.

*ಗ್ರಾಫಿಕ್ಸ್ ಕಾರ್ಡ್:* ಜಿಟಿಎಕ್ಸ್ 1060 ಹೊಸ ಕಂಪ್ಯೂಟರ್‌ಗೆ ಹೋಗಲಿ. ಬಜೆಟ್ ಕೂಡಿದಾಗ ಹೊಸದು ತರಬಹುದು. ಈ ತಲೆಮಾರಿನ ಕಾರ್ಡ್‌ಗಳಿಗೆ ಆಟಗಳಿಗೆಂದೇ ರೂಪಿಸಿದ ಹೊಸ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಕೊನೆಗೊಳಿಸಿತು. 2028ರ ಅಕ್ಟೋಬರ್‌ವರೆಗೆ ಮೂರು ತಿಂಗಳಿಗೊಮ್ಮೆ ಸುರಕ್ಷತಾ ಅಪ್‌ಡೇಟ್ ಮಾತ್ರ ಕೊಡುವುದಾಗಿ ಹೇಳಿದೆ.

*ಹಳೆಯ ಬೋರ್ಡ್, ಪ್ರೊಸೆಸರ್:* ಇವೇ ಸರ್ವರ್. ಐ5-7400 ಒಳಗೇ ಒಂದು ಸಣ್ಣ ಗ್ರಾಫಿಕ್ಸ್ ಇರುವುದರಿಂದ ಬೇರೆ ಕಾರ್ಡ್ ಬೇಕಿಲ್ಲ. ಫೋನಿನಲ್ಲಿ ತೆಗೆದ ಎಚ್‌ಇವಿಸಿ ಮಾದರಿಯ ವಿಡಿಯೊಗಳನ್ನು ಟಿವಿಗೆ ಹೊಂದುವಂತೆ ಬದಲಾಯಿಸುವ ಕೆಲಸವನ್ನೂ ಈ ಒಳಗಿನ ಗ್ರಾಫಿಕ್ಸ್ ಸಲೀಸಾಗಿ ಮಾಡುತ್ತದೆ. ಆಟಕ್ಕೆ ಮುದುಕನಾದ ಪ್ರೊಸೆಸರ್ ಫೋಟೊ ಕಾಯುವ ಕೆಲಸಕ್ಕೆ ಇನ್ನೂ ಗಟ್ಟಿಯಾಳು. ಆದರೆ ಗಮನಿಸಿ, ರೈಜನ್ 5 1600 ಅಥವಾ 5600ರಂಥ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಅವನ್ನು ಸರ್ವರ್ ಮಾಡುವುದಾದರೆ, ಕೊನೆಯ ಪಕ್ಷ ಇನ್‌ಸ್ಟಾಲ್ ಮಾಡುವಾಗ, ಯಾವುದಾದರೂ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ.

*ರ‍್ಯಾಮ್:* ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳ ಕಚ್ಚುಗಳೇ ಬೇರೆ ಬೇರೆ ಜಾಗದಲ್ಲಿವೆ. ಒಂದರ ಸ್ಲಾಟ್‌ನಲ್ಲಿ ಇನ್ನೊಂದನ್ನು ಒತ್ತಿ ಕೂರಿಸಲು ಹೋಗಬೇಡಿ. ಡಿಡಿಆರ್4 ಇದ್ದರೆ ಅಗ್ಗಕ್ಕೆ ಮಾರುವುದೂ ಬೇಡ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ಮೆಮೊರಿ ಬೆಲೆ ತೀವ್ರವಾಗಿ ಏರಿತು. ಸರ್ವರ್‌ಗೆ ಓಪನ್‌ಮೀಡಿಯಾವಾಲ್ಟ್ ಹಾಕುವುದಾದರೆ 4 ಜಿಬಿಯಲ್ಲೂ ನಡೆಯುತ್ತದೆ. ಟ್ರೂನ್ಯಾಸ್‌ಗೆ ಕನಿಷ್ಠ 8 ಜಿಬಿ ಬೇಕು.

*ಎಸ್‌ಎಂಪಿಎಸ್:* ಹೊಸ ಗೇಮಿಂಗ್ ಕಂಪ್ಯೂಟರ್‌ಗೆ ಹೊಸ ಎಸ್‌ಎಂಪಿಎಸ್ ಕೊಳ್ಳಿ. ಹಳೆಯದು ಒಳ್ಳೆಯ ಕಂಪನಿಯದಾಗಿದ್ದು, ಸದ್ದು ಅಥವಾ ಸುಟ್ಟ ವಾಸನೆ ಇಲ್ಲದಿದ್ದರೆ, ಸರ್ವರ್‌ನ ಸಣ್ಣ ಹೊರೆಗೆ ಬಳಸಬಹುದು. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಆಗಿದ್ದರೆ ಹಗಲು ರಾತ್ರಿ ನಡೆಯುವ ಯಂತ್ರಕ್ಕೆ ಅದು ಬೇಡವೇ ಬೇಡ. ಡಬ್ಬಿಯ ಮೇಲಿನ "80 ಪ್ಲಸ್" ಎಂಬುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದರ ಗುರುತು, ಸುರಕ್ಷತೆಯ ಪ್ರಮಾಣಪತ್ರ ಅಲ್ಲ. ಪ್ಲಗ್ ಕಿತ್ತರೂ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಆದ್ದರಿಂದ ಅದರ ಡಬ್ಬಿಯನ್ನು ಬಿಚ್ಚಬೇಡಿ.

*ಕೇಬಲ್:* ಇದು ಬಹಳ ಮಂದಿ ಎಡವುವ ಜಾಗ. ಕಳಚಿ ಹಾಕುವ ಕೇಬಲ್‌ಗಳಿರುವ ಎಸ್‌ಎಂಪಿಎಸ್‌ಗಳಲ್ಲಿ, ಒಂದರ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಸಿಕ್ಕಿಕೊಳ್ಳಬಹುದು. ಆದರೆ ಒಳಗಿನ ತಂತಿಗಳ ಕ್ರಮ ಬೇರೆ ಇರುತ್ತದೆ. 5 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಬಂದರೆ ಡಿಸ್ಕ್ ಆ ಕ್ಷಣವೇ ಸುಟ್ಟುಹೋಗುತ್ತದೆ, ಜೊತೆಗೆ ಅದರಲ್ಲಿದ್ದ ಫೋಟೊಗಳೂ. ಎಸ್‌ಎಂಪಿಎಸ್ ಬದಲಾದರೆ ಕೇಬಲ್‌ಗಳೂ ಬದಲಾಗಬೇಕು.

*ಬಟನ್ ಬ್ಯಾಟರಿ:* ಹಳೆಯ ಬೋರ್ಡ್‌ನ ಗಡಿಯಾರ ತಪ್ಪು ಸಮಯ ತೋರಿಸುತ್ತಿದ್ದರೆ ಅದರ ಸಿಆರ್ 2032 ಬ್ಯಾಟರಿ ಬದಲಾಯಿಸಿ. ತೆಗೆದ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಹುದು. ಹಾಗಾದಲ್ಲಿ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಹೋಮ್ ಸರ್ವರ್ ಎಂದರೆ ಏನು?

ದೊಡ್ಡ ಹೆಸರು ಕೇಳಿ ಹೆದರಬೇಕಿಲ್ಲ. ಮನೆಯ ರೂಟರ್‌ಗೆ ಕೇಬಲ್ ಮೂಲಕ ಜೋಡಿಸಿ, ಒಂದು ಮೂಲೆಯಲ್ಲಿ ಮಾನಿಟರ್ ಇಲ್ಲದೆ ನಡೆಯುವ ಕಂಪ್ಯೂಟರ್ ಅಷ್ಟೇ. ಮನೆಯವರೆಲ್ಲರ ಫೋನ್‌ಗಳಿಂದ ಫೋಟೊಗಳು ತಾವಾಗಿ ಅದರಲ್ಲಿ ಬಂದು ಸೇರುವಂತೆ ಮಾಡಬಹುದು, ಅದಕ್ಕೆ ಇಮಿಚ್ ಎಂಬ ತಂತ್ರಾಂಶವಿದೆ. ಕಡತಗಳಿಗೆ ನೆಕ್ಸ್ಟ್‌ಕ್ಲೌಡ್ ಇದೆ. ಮನೆಯ ವಿಡಿಯೊಗಳನ್ನು ಟಿವಿಯಲ್ಲಿ ನೋಡಲು ಜೆಲ್ಲಿಫಿನ್ ಇದೆ. ಇವೆಲ್ಲವನ್ನೂ ಮನೆಯಲ್ಲಿ ಉಚಿತವಾಗಿ ಬಳಸಬಹುದು.

ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಸಿಗುವ 15 ಜಿಬಿಯನ್ನು ಜಿಮೇಲ್, ಡ್ರೈವ್ ಎಲ್ಲವೂ ಹಂಚಿಕೊಳ್ಳುತ್ತವೆ. ಒಂದು ಫೋಟೊ ಸರಾಸರಿ 4 ಎಂಬಿ ಎಂದುಕೊಂಡರೆ, ಹಳೆಯ 1 ಟಿಬಿ ಡಿಸ್ಕ್‌ನಲ್ಲಿ ಸುಮಾರು 2.5 ಲಕ್ಷ ಫೋಟೊ ಹಿಡಿಯುತ್ತದೆ. ಹೋಮ್ ಸರ್ವರ್ ಆಸೆ ಹುಟ್ಟುವುದೇ ಇಲ್ಲಿ.

ರೂಟರ್ ಕಡೆಗೂ ಒಮ್ಮೆ ನೋಡಿ. ಗಿಗಾಬಿಟ್ ಪೋರ್ಟ್ ಇದ್ದರೆ 100 ಜಿಬಿ ಫೋಟೊ ಸುಮಾರು 15 ನಿಮಿಷದಲ್ಲಿ ಸರ್ವರ್ ಸೇರುತ್ತದೆ. ಹಳೆಯ 100 ಎಂಬಿಪಿಎಸ್ ಪೋರ್ಟ್ ಆದರೆ ಅದೇ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ. ಅಲ್ಲಿ ಪ್ರೊಸೆಸರ್ ಎಷ್ಟು ವೇಗದ್ದಾದರೂ ಅಷ್ಟೇ.

"ಉಚಿತ" ಎಂಬುದು ನಿಜವೇ? ಕರೆಂಟ್ ಲೆಕ್ಕ

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸೋಣ. 500 ವ್ಯಾಟ್‌ನ ಎಸ್‌ಎಂಪಿಎಸ್ ಸದಾ 500 ವ್ಯಾಟ್ ಎಳೆಯುವುದಿಲ್ಲ. ಅದು ಅದರ ಗರಿಷ್ಠ ಸಾಮರ್ಥ್ಯ. ಗ್ರಾಫಿಕ್ಸ್ ಕಾರ್ಡ್ ತೆಗೆದ, ಒಂದು ಡಿಸ್ಕ್ ಇರುವ ಇಂಥ ಕಂಪ್ಯೂಟರ್ ಸುಮ್ಮನಿರುವಾಗ ಸಾಮಾನ್ಯವಾಗಿ 30ರಿಂದ 50 ವ್ಯಾಟ್ ಎಳೆಯುತ್ತದೆ.

ನಡುವಿನ 40 ವ್ಯಾಟ್ ಹಿಡಿಯೋಣ. ದಿನಕ್ಕೆ 24 ಗಂಟೆಯಂತೆ 30 ದಿನಕ್ಕೆ 28.8 ಯೂನಿಟ್ ಆಯಿತು. ಯೂನಿಟ್‌ಗೆ 7 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ತಿಂಗಳಿಗೆ ಸುಮಾರು 200 ರೂಪಾಯಿ, ವರ್ಷಕ್ಕೆ ಸುಮಾರು 2,450 ರೂಪಾಯಿ. "ಜೀವನಪೂರ್ತಿ ಉಚಿತ" ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಕರ್ನಾಟಕದ ಓದುಗರಿಗೆ ಇನ್ನೊಂದು ಲೆಕ್ಕವೂ ಇದೆ. ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆ ನೋಡಿ ಉಚಿತ ಯೂನಿಟ್‌ಗಳ ಮಿತಿ ಗೊತ್ತುಮಾಡುತ್ತಾರೆ. ಆ ಮಿತಿ ಮೀರಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ ಕಟ್ಟಬೇಕು. ಈಗ 180 ಯೂನಿಟ್ ಬಳಸುತ್ತಿರುವ ಮನೆಗೆ 28.8 ಸೇರಿದರೆ 208.8 ಆಗುತ್ತದೆ. ಅದೇ 7 ರೂಪಾಯಿ ಲೆಕ್ಕದಲ್ಲಿ ಇಡೀ ಬಿಲ್ ಸುಮಾರು 1,460 ರೂಪಾಯಿ. ಸರ್ವರ್ ಬಳಸಿದ್ದು 200 ರೂಪಾಯಿಯ ಕರೆಂಟ್, ಮನೆಗೆ ಬಿದ್ದ ಹೊರೆ ಅದರ ಏಳು ಪಟ್ಟು. ಹಾಗಾಗಿ ಸರ್ವರ್ ಜೋಡಿಸುವ ಮುನ್ನ ಹಿಂದಿನ ಐದಾರು ತಿಂಗಳ ಬಿಲ್‌ಗಳನ್ನು ತೆಗೆದು ನೋಡಿ.

ಹೊರೆ ತಗ್ಗಿಸುವ ದಾರಿಗಳೂ ಇವೆ.

- ಗ್ರಾಫಿಕ್ಸ್ ಕಾರ್ಡ್ ತೆಗೆದುಬಿಡಿ. ಸುಮ್ಮನಿರುವಾಗಲೂ 10 ವ್ಯಾಟ್ ಎಳೆಯುವ ಕಾರ್ಡ್ ತಿಂಗಳಿಗೆ 7.2 ಯೂನಿಟ್ ತಿನ್ನುತ್ತದೆ.
- 24 ಗಂಟೆ ಆನ್ ಇಡಲೇಬೇಕೆಂದಿಲ್ಲ. ಬಹುತೇಕ ಬೋರ್ಡ್‌ಗಳ ಬಯಾಸ್‌ನಲ್ಲಿ ನಿಗದಿತ ಸಮಯಕ್ಕೆ ತಾನೇ ಆನ್ ಆಗುವ ಸೌಲಭ್ಯ ಇರುತ್ತದೆ. ರಾತ್ರಿ 4 ಗಂಟೆ ಮಾತ್ರ ನಡೆದರೆ ತಿಂಗಳಿಗೆ 4.8 ಯೂನಿಟ್ ಸಾಕು.
- ಸದಾ ಆನ್ ಇರಲೇಬೇಕು ಎನ್ನುವವರು ಸಣ್ಣ ಮಿನಿ ಪಿಸಿಯ ಬೆಲೆಯನ್ನೂ ಲೆಕ್ಕ ಹಾಕಿ. 10 ವ್ಯಾಟ್ ಆಸುಪಾಸಿನಲ್ಲಿ ನಡೆಯುವ ಮಿನಿ ಪಿಸಿ 40 ವ್ಯಾಟ್‌ನ ಹಳೆಯ ಕಂಪ್ಯೂಟರ್‌ಗಿಂತ ತಿಂಗಳಿಗೆ ಸುಮಾರು 150 ರೂಪಾಯಿ ಉಳಿಸುತ್ತದೆ.

ಹಳೆಯ ಹಾರ್ಡ್ ಡಿಸ್ಕನ್ನು ನಂಬಬಹುದೇ?

ಬಳಸಬಹುದು, ಆದರೆ ಅದೊಂದನ್ನೇ ನಂಬಿ ಕೂರಬಾರದು. ಎಂಟು ವರ್ಷ ತಿರುಗಿದ ಡಿಸ್ಕ್ ನಾಳೆ ನಿಂತರೆ ಆಶ್ಚರ್ಯ ಇಲ್ಲ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇವೆ. ಹಳೆಯ ಕಂಪ್ಯೂಟರ್‌ನ ಡಿಸ್ಕನ್ನೇ ಸರ್ವರ್‌ಗೆ ಹಾಕಿ, ಎಲ್ಲರ ಫೋನ್‌ಗಳ ಫೋಟೊ ಅದಕ್ಕೆ ಸೇರಿಸಿ, ಫೋನ್‌ಗಳಲ್ಲಿ ಜಾಗ ಬೇಕೆಂದು ಅಲ್ಲಿದ್ದವನ್ನು ಅಳಿಸಿದ್ದೆವು. ಡಿಸ್ಕ್‌ನ ಆರೋಗ್ಯ ತೋರಿಸುವ ತಂತ್ರಾಂಶ ಹಳದಿ ಬಣ್ಣದ ಎಚ್ಚರಿಕೆ ತೋರಿಸುತ್ತಿತ್ತು. "ನಡೀತಾ ಇದೆಯಲ್ಲ" ಎಂದು ಬಿಟ್ಟಿದ್ದೆವು. ಒಂದು ಬೆಳಿಗ್ಗೆ ಅದು ಟಕ್ ಟಕ್ ಎಂದು ಸದ್ದು ಮಾಡಿ ನಿಂತಿತು. ಅಜ್ಜಿ ನಮ್ಮ ಜೊತೆ ಆಚರಿಸಿದ ಕೊನೆಯ ಯುಗಾದಿಯ ಫೋಟೊಗಳು ಅದರಲ್ಲಿದ್ದವು. ಮಾವನ ವಾಟ್ಸಾಪ್‌ನಲ್ಲಿ ಹನ್ನೊಂದು ಸಿಕ್ಕವು. ವಾಟ್ಸಾಪ್ ಕಳಿಸುವಾಗ ಫೋಟೊಗಳನ್ನು ಕುಗ್ಗಿಸುವುದರಿಂದ, ಗೋಡೆಗೆ ಹಾಕಲು ದೊಡ್ಡದು ಮಾಡಿದರೆ ಅಜ್ಜಿಯ ಮುಖ ಮಸುಕು.

ಈ ತಪ್ಪು ನೀವು ಮಾಡಬೇಕಿಲ್ಲ. ಡಿಸ್ಕನ್ನು ಸರ್ವರ್‌ಗೆ ಹಾಕುವ ಮುನ್ನ ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ. ಕೆಟ್ಟ ಜಾಗಗಳನ್ನು ಬಿಟ್ಟು ಬೇರೆಡೆ ಬರೆದ ಲೆಕ್ಕ, ಅಂದರೆ ರೀಅಲೊಕೇಟೆಡ್ ಸೆಕ್ಟರ್ ಸಂಖ್ಯೆ, ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದನ್ನು ಸಿನಿಮಾ ಇಡಲು ಬಳಸಿ, ಮನೆಯ ಫೋಟೊ ಇಡಬೇಡಿ. ರ‍್ಯಾಮ್ ಪರೀಕ್ಷಿಸಲು ಮೆಮ್‌ಟೆಸ್ಟ್86+ ಇದೆ, ಒಂದು ರಾತ್ರಿ ಅದನ್ನು ಓಡಿಸಿ. ನೆನಪಿಡಿ, ಸರ್ವರ್ ತಂತ್ರಾಂಶ ಹಾಕುವಾಗ ಆ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮೊದಲು ಬೇರೆಡೆ ನಕಲು ಮಾಡಿಕೊಳ್ಳಿ.

"ಎರಡು ಡಿಸ್ಕ್ ಹಾಕಿ ರೇಡ್ ಮಾಡಿದರೆ ಬ್ಯಾಕಪ್ ಬೇಕಿಲ್ಲ." ನಿಜವೇ?

ತಪ್ಪು. ರೇಡ್ 1ರಲ್ಲಿ ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರಲ್ಲಿ ಅದೇ ಮಾಹಿತಿ ಇರುತ್ತದೆ ಎಂಬುದು ನಿಜ. ಆದರೆ ನೀವು ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣ ಅಳಿಸಿಹೋಗುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. ಸಿಡಿಲಿಗೆ ಸುಟ್ಟರೆ ಎರಡೂ ಸುಡುತ್ತವೆ.

ಜಗತ್ತಿನಾದ್ಯಂತ ಹೇಳುವ ಸರಳ ಸೂತ್ರ 3-2-1. ಒಟ್ಟು 3 ಪ್ರತಿಗಳು, 2 ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಮನೆಯ ಹೊರಗೆ. ಒಂದು ಪ್ರತಿ ಸರ್ವರ್‌ನಲ್ಲಿ, ಒಂದು ಯುಎಸ್‌ಬಿ ಡಿಸ್ಕ್‌ನಲ್ಲಿ, ಇನ್ನೊಂದು ಊರಿನ ಅಕ್ಕನ ಮನೆಯ ಬೀರುವಿನಲ್ಲೋ ಕ್ಲೌಡ್‌ನಲ್ಲೋ ಇದ್ದರೆ ಸಾಕು. ಹಬ್ಬಕ್ಕೆ ಹೋದಾಗ ಆ ಡಿಸ್ಕ್ ಬದಲಾಯಿಸಿ ಬನ್ನಿ.

ಕೆಟ್ಟ ಡಿಸ್ಕನ್ನು ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆಯೇ?

ಒದ್ದೆಯಾದ ಫೋನನ್ನು ಅಕ್ಕಿ ಡಬ್ಬದಲ್ಲಿಡುವ ಸಲಹೆಯ ಹಾಗೆ ಇದೂ ಹಲವು ವರ್ಷಗಳಿಂದ ಸುತ್ತುತ್ತಿದೆ. ದಯವಿಟ್ಟು ಮಾಡಬೇಡಿ. ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದಾಗ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ, ಒಳಗಿನ ತಟ್ಟೆಗಳ ಮೇಲೂ ಕೂರಬಹುದು. ಅದರ ಮೇಲೆ ಓದುವ ಮುಳ್ಳು ಹರಿದಾಡಿದರೆ ಉಳಿದಿದ್ದ ಮಾಹಿತಿಯೂ ಕೆರೆದುಹೋಗುತ್ತದೆ. ಟಕ್ ಟಕ್ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಮಾಹಿತಿ ಬೆಲೆಬಾಳುವುದಾದರೆ ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಕರೆಂಟ್ ಹೋದರೆ?

ಬರೆಯುತ್ತಿರುವ ಹೊತ್ತಿನಲ್ಲಿ ಕರೆಂಟ್ ಹೋದರೆ ಕಡತಗಳು ಹಾಳಾಗಬಹುದು. ಮನೆಯಲ್ಲಿ ಇನ್ವರ್ಟರ್ ಇದೆ ಎಂದು ನಿಶ್ಚಿಂತರಾಗಬೇಡಿ. ಸಾಮಾನ್ಯ ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗಬಹುದು. ನಿಮ್ಮ ಇನ್ವರ್ಟರ್‌ನಲ್ಲಿ "ಯುಪಿಎಸ್ ಮೋಡ್" ಇದ್ದರೆ ಅದನ್ನು ಹಾಕಿ, ಇಲ್ಲವೇ ಸರ್ವರ್‌ಗೆಂದೇ ಒಂದು ಸಣ್ಣ ಯುಪಿಎಸ್ ಇಡಿ. ಗಾಳಿಯಾಡದ ಬೀರುವಿನೊಳಗೆ, ದೇವರ ದೀಪದ ಪಕ್ಕದಲ್ಲಿ, ಪರದೆ ತಾಗುವಂತೆ ಸರ್ವರ್ ಇಡಬೇಡಿ.

ಹೊರಗಿನಿಂದ ಫೋಟೊ ನೋಡಬೇಕೆಂದರೆ?

ಯೂಟ್ಯೂಬ್ ನೋಡಿ ರೂಟರ್‌ನಲ್ಲಿ ಪೋರ್ಟ್ ತೆರೆದು ಸರ್ವರನ್ನು ನೇರವಾಗಿ ಇಂಟರ್ನೆಟ್‌ಗೆ ಒಡ್ಡುವುದು ದೊಡ್ಡ ತಪ್ಪು. 2017ರ ಮೇನಲ್ಲಿ ವಾನಾಕ್ರೈ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿದ್ದು ಕಡತ ಹಂಚಿಕೊಳ್ಳುವ ಎಸ್‌ಎಂಬಿ ವ್ಯವಸ್ಥೆಯ ಲೋಪದಿಂದ. 2022ರ ಆರಂಭದಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್, ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಮನೆ ಸ್ಟೋರೇಜ್ ಸಾಧನಗಳನ್ನೇ ಹುಡುಕಿ ಬೀಗ ಹಾಕಿ ಹಣ ಕೇಳಿತು. ನಿಮ್ಮನ್ನು ಯಾರೂ ಹೆಸರಿಟ್ಟು ಹುಡುಕುವುದಿಲ್ಲ. ತೆರೆದ ಬಾಗಿಲು ಹುಡುಕುವ ತಂತ್ರಾಂಶಗಳು ಹಗಲು ರಾತ್ರಿ ಓಡಾಡುತ್ತಿರುತ್ತವೆ.

ಸುರಕ್ಷಿತ ದಾರಿ ವಿಪಿಎನ್. ವೈರ್‌ಗಾರ್ಡ್ ಅಥವಾ ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಬಳಸಿದರೆ ನಿಮ್ಮ ಫೋನ್‌ಗೆ ಮಾತ್ರ ದಾರಿ ತೆರೆಯುತ್ತದೆ. ಭಾರತದ ಹಲವು ಇಂಟರ್ನೆಟ್ ಸಂಪರ್ಕಗಳಲ್ಲಿ ಒಂದೇ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವುದರಿಂದ ಪೋರ್ಟ್ ತೆರೆದರೂ ಕೆಲಸ ಮಾಡುವುದಿಲ್ಲ. ಟೇಲ್‌ಸ್ಕೇಲ್ ಅಲ್ಲೂ ನಡೆಯುತ್ತದೆ.

ಉಳಿದ ಭಾಗಗಳನ್ನು ಏನು ಮಾಡಬೇಕು?

ಡಿಸ್ಕ್ ಮಾರುವ ಅಥವಾ ಕೊಡುವ ಮುನ್ನ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಸಾಲದು. ಅದು ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ, ಒಳಗಿನ ಪುಟಗಳು ಹಾಗೇ ಇರುತ್ತವೆ. ಉಚಿತ ತಂತ್ರಾಂಶಗಳಿಂದಲೇ ಫೋಟೊ, ಆಧಾರ್ ಪ್ರತಿ ಎಲ್ಲ ವಾಪಸ್ ತೆಗೆಯಬಹುದು. ಹಾರ್ಡ್ ಡಿಸ್ಕ್ ಆದರೆ ವಿಂಡೋಸ್‌ನಲ್ಲಿ "ಕ್ವಿಕ್" ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಎಸ್‌ಎಸ್‌ಡಿ ಆದರೆ ಅದರ ಕಂಪನಿ ಕೊಡುವ ತಂತ್ರಾಂಶದಲ್ಲಿ ಸೆಕ್ಯೂರ್ ಇರೇಸ್ ಆಯ್ಕೆ ಬಳಸಿ.

"ಮದರ್‌ಬೋರ್ಡ್‌ನಿಂದ ಮನೆಯಲ್ಲೇ ಚಿನ್ನ ತೆಗೆಯಿರಿ" ಎಂಬ ವಿಡಿಯೊಗಳನ್ನು ನಂಬಬೇಡಿ, ಹಂಚಲೂಬೇಡಿ. ಬೋರ್ಡ್‌ನಲ್ಲಿ ಚಿನ್ನದ ಲೇಪ ಇರುವುದು ನಿಜ, ಆದರೆ ಅದು ಅತಿ ತೆಳುವಾದದ್ದು. ಅದಕ್ಕಾಗಿ ಬಳಸುವ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳು ಸೇರಿದಾಗ ಏಳುವ ವಿಷಗಾಳಿ ಶ್ವಾಸಕೋಶವನ್ನೇ ಸುಡುತ್ತದೆ. ನಿಜಕ್ಕೂ ಕೆಟ್ಟ ಭಾಗಗಳನ್ನು ಕಸದ ಗಾಡಿಗೂ ಹಾಕಬೇಡಿ, ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಇದನ್ನು ಮರುಬಳಕೆಗೆ ಒಳಪಡಿಸುವ ಹೊಣೆ ತಯಾರಕರ ಮೇಲಿದೆ.

ನಮ್ಮ ತೀರ್ಮಾನ

"ಹಳೆಯ ಕಂಪ್ಯೂಟರ್ ಗುಜರಿಗೆ ಮಾತ್ರ ಲಾಯಕ್ಕು" ಎಂಬುದು ಬಹುಪಾಲು ತಪ್ಪು. "ಹೋಮ್ ಸರ್ವರ್ ಎಂದರೆ ಜೀವನಪೂರ್ತಿ ಉಚಿತ ಸ್ಟೋರೇಜ್" ಎಂಬುದು ಅರ್ಧಸತ್ಯ. ಮೊದಲು ಧೂಳು ತೆಗೆಯಿರಿ, ಟಾಸ್ಕ್ ಮ್ಯಾನೇಜರ್ ನೋಡಿ, ಆಮೇಲೆ ಕೊಳ್ಳಿ. ಸರ್ವರ್ ಮಾಡುವುದಾದರೆ ಕರೆಂಟ್ ಬಿಲ್ ನೋಡಿ, ಡಿಸ್ಕ್ ಪರೀಕ್ಷಿಸಿ. ಎರಡನೆಯ ಪ್ರತಿ ಬೇರೆಡೆ ಸಿದ್ಧವಾಗುವವರೆಗೆ ಫೋನಿನಿಂದ ಒಂದು ಫೋಟೊವನ್ನೂ ಅಳಿಸಬೇಡಿ.

ಮುಂದಿನ ಬಾರಿ ಗುಂಪಿನಲ್ಲಿ ಇಂಥ ಸಂದೇಶ ಬಂದಾಗ, ಫಾರ್ವರ್ಡ್ ಒತ್ತುವ ಮುನ್ನ ಈ ಲೆಕ್ಕವನ್ನೂ ಅದರ ಜೊತೆ ಕಳಿಸಿ.